ಐನೂರು ಮಿಲಿ ಲೀಟರ್: ಹೆರಿಗೆ ಕೋಣೆಯ ಒಂದು ಪ್ರಕರಣ

ಇದು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯ ಪ್ರಕರಣ. ತಾಯಿಯ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ನಾನು ಎಂ.ಎಸ್ಸಿ. ನರ್ಸಿಂಗ್‌ನಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ಶುಶ್ರೂಷೆ ಕಲಿಸುತ್ತೇನೆ. ಆಗ ನನ್ನ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಪೋಸ್ಟಿಂಗ್‌ನಲ್ಲಿದ್ದಳು. ಬಿ.ಎಸ್ಸಿ. ಮುಗಿಸಿ, ಬಾಣಂತಿ ವಾರ್ಡಿನಲ್ಲಿ ಕೆಲಸ ಮಾಡಿ ಬಂದವಳು. ಅವಳ ಕೇಸ್ ಶೀಟ್, ಸ್ಟಾಫ್ ನರ್ಸ್ ಹೇಳಿದ್ದು, ಆಮೇಲೆ ನಾವು ತರಗತಿಯಲ್ಲಿ ಚರ್ಚಿಸಿದ್ದು, ಇಷ್ಟನ್ನೂ ಸೇರಿಸಿ ಬರೆದಿದ್ದೇನೆ.

ಹೆರಿಗೆಯಾದ ಮೇಲಿನ ರಕ್ತಸ್ರಾವ, ಅಂದರೆ ನಾವು ದಿನಾ ಹೇಳುವ ಪಿಪಿಎಚ್, ಪರೀಕ್ಷೆಯಲ್ಲಿ ಎಲ್ಲರಿಗೂ ಬರೆಯೋಕೆ ಬರುತ್ತದೆ. ಕಾರಣ ನಾಲ್ಕು: ಗರ್ಭಕೋಶ ಬಿಗಿಯಾಗದಿರುವುದು, ಗಾಯ, ಒಳಗೆ ಉಳಿದ ಮಾಸು, ರಕ್ತ ಹೆಪ್ಪುಗಟ್ಟದಿರುವುದು. ಇದು ಬಾಯಿಪಾಠ. ಆದರೆ ಲೇಬರ್ ಟೇಬಲ್ ಪಕ್ಕ ನಿಂತಾಗ ನರ್ಸ್ ಮುಂದಿರುವ ಪ್ರಶ್ನೆ ಬೇರೆ. ಎಷ್ಟು ರಕ್ತ ಹೋಗಿದೆ? ಯಾವಾಗ ಕೂಗಬೇಕು? ಕೂಗಿದರೆ ಯಾರಾದರೂ ಬರುತ್ತಾರಾ?

ತಾಯಿ, ಮಗು, ಆ ಸಂಜೆ

ತಾಯಿಗೆ 24 ವರ್ಷ, ಎರಡನೇ ಹೆರಿಗೆ. ಮೊದಲನೆಯದು ಸಹಜ ಹೆರಿಗೆ, ತೊಂದರೆ ಇರಲಿಲ್ಲ. ತಾಯಿ ಕಾರ್ಡಿನಲ್ಲಿ ಕೊನೆಯ ಹಿಮೋಗ್ಲೋಬಿನ್ 9.4 ಅಂತ ಇತ್ತು. ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ತಿಂದರೆ ಹೊಟ್ಟೆ ತೊಳಸುತ್ತದೆ ಅಂತ ಅವಳು ಅರ್ಧಕ್ಕೇ ಬಿಟ್ಟಿದ್ದಳು. ಸಂಜೆ ನಾಲ್ಕೂವರೆಗೆ ತನ್ನ ಅವ್ವ ಮತ್ತು ಆಶಾ ಜೊತೆ ಬಂದಾಗ ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆದಿತ್ತು. ನಾಡಿ 88, ಬಿಪಿ 116/74.

ಆ ಪಾಳಿಯಲ್ಲಿ ಇದ್ದದ್ದು ಒಬ್ಬರೇ ಸ್ಟಾಫ್ ನರ್ಸ್. ಹದಿನೈದು ವರ್ಷದ ಅನುಭವ ಇರುವವರು, ಕೈ ಚುರುಕು. ಜೊತೆಗೆ ನನ್ನ ವಿದ್ಯಾರ್ಥಿನಿ. ಬಳಕೆಯಲ್ಲಿದ್ದ ಲೇಬರ್ ಟೇಬಲ್ ಒಂದೇ. ಹೊರಗೆ ಇನ್ನೊಬ್ಬ ಗರ್ಭಿಣಿ ನೋವು ತಿನ್ನುತ್ತಾ ಕೂತಿದ್ದಳು. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ರಾತ್ರಿ 7.40ಕ್ಕೆ ಪರೀಕ್ಷೆ ಮಾಡಿದಾಗ ಗರ್ಭಕೋಶದ ಬಾಯಿ 8 ಸೆಂ.ಮೀ. ತೆರೆದಿತ್ತು. ಹೆರಿಗೆ ಎಷ್ಟು ಮುಂದುವರಿದಿದೆ ಅಂತ ಗುರುತಿಸುವ ಹಾಳೆಯಲ್ಲಿ, ಅಂದರೆ ಪಾರ್ಟೋಗ್ರಾಫ್‌ನಲ್ಲಿ, ಆಮೇಲೆ ಇನ್ನೊಂದು ಗುರುತು ಇಲ್ಲ. 7.50ರಿಂದಲೇ ‘ಜೋರು ಹಾಕವ್ವ, ಜೋರು ಹಾಕು’ ಶುರುವಾಗಿತ್ತು. 8.10ಕ್ಕೆ ಹೆಣ್ಣುಮಗು ಹುಟ್ಟಿತು. ತೂಕ 2,900 ಗ್ರಾಂ, ಹುಟ್ಟಿದ ಕೂಡಲೇ ಅತ್ತಿತು. ಮಗುವನ್ನು ಒರೆಸಿ ತಾಯಿಯ ಎದೆ ಮೇಲೆ ಮಲಗಿಸಿದರು. ಒಂದು ನಿಮಿಷದೊಳಗೆ ತಾಯಿಗೆ ಗರ್ಭಕೋಶ ಬಿಗಿಯಾಗಿಸುವ ಔಷಧಿ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ ಕೊಟ್ಟರು. ಹೊಕ್ಕುಳಬಳ್ಳಿ ಕತ್ತರಿಸಲು ಅವಸರ ಮಾಡಲಿಲ್ಲ. ಇಷ್ಟರವರೆಗೆ ಮಾಡಬೇಕಾದದ್ದನ್ನೆಲ್ಲ ಮಾಡಿದ್ದರು.

ಮಗು ಹೊರಬಂದು, ನೆತ್ತಿ ನೀರು (ಗರ್ಭದಲ್ಲಿ ಮಗುವಿನ ಸುತ್ತ ಇರುವ ನೀರು) ಹರಿದು ಮುಗಿದ ಮೇಲೆ ವಿದ್ಯಾರ್ಥಿನಿ ತಾಯಿಯ ಸೊಂಟದ ಕೆಳಗೆ ಅಳತೆ ಡ್ರೇಪ್ ಹಾಸಿದಳು. ಇದನ್ನು ನೋಡಿಲ್ಲದವರಿಗೆ ಹೇಳುತ್ತೇನೆ. ಇದು ತೆಳ್ಳಗಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಮೇಲಿನ ತುದಿಯಲ್ಲಿ ಸೊಂಟಕ್ಕೆ ಕಟ್ಟುವ ಎರಡು ಪಟ್ಟಿ ಇರುತ್ತವೆ. ಕೆಳಗಿನ ತುದಿ ಕಿರಿದಾಗುತ್ತಾ ಹೋಗಿ, ಟೇಬಲ್ ಅಂಚಿನಿಂದ ಕೆಳಗೆ ಚೀಲವಾಗಿ ಇಳಿಬಿದ್ದಿರುತ್ತದೆ. ಚೀಲದ ಮೇಲೆ ಮಿ.ಲೀ. ಗೆರೆಗಳಿರುತ್ತವೆ. ರಕ್ತ ಜಾರಿ ಚೀಲಕ್ಕೆ ಬೀಳುತ್ತದೆ, ಗೆರೆ ನೋಡಿ ಓದಬಹುದು. ಮೊದಲೇ ಹಾಸಿದರೆ ನೆತ್ತಿ ನೀರೂ ಸೇರಿ ಲೆಕ್ಕ ಕೆಡುತ್ತದೆ. ತಡವಾಗಿ ಹಾಸಿದರೆ ಮೊದಲ ರಕ್ತ ಬಟ್ಟೆಗೆ ಹೋಗಿರುತ್ತದೆ. ಆ ವಾರ್ಡಿನಲ್ಲಿ ಡ್ರೇಪ್ ಬಳಸುವ ರೂಢಿ ಇರಲಿಲ್ಲ. ಹತ್ತಿ ಪ್ಯಾಡು, ಮನೆಯಿಂದ ತಂದ ಹಳೇ ಸೀರೆ ತುಂಡು, ಇಷ್ಟೇ. ವಿದ್ಯಾರ್ಥಿನಿ ಕಾಲೇಜಿನ ಲ್ಯಾಬಿನಿಂದ ಡ್ರೇಪ್ ತಂದಿದ್ದಳು.

8.17ಕ್ಕೆ ಮಾಸು ಬಂತು. ತಟ್ಟೆಯಲ್ಲಿ ಹರಡಿ ನೋಡಿದರು. ಹಾಲೆಗಳೆಲ್ಲ ಇದ್ದವು, ಪೊರೆ ಪೂರ್ತಿ ಇತ್ತು. ಗರ್ಭಕೋಶ ಬಿಗಿಯಾಗಿತ್ತು. ಚೀಲದಲ್ಲಿ 150 ಮಿ.ಲೀ. ಸ್ಟಾಫ್ ನರ್ಸ್ ಹೊರಗಿದ್ದ ಗರ್ಭಿಣಿಯನ್ನು ನೋಡಲು ಹೋದರು.

ಎರಡು ಫೋನ್ ಕರೆ

ರಕ್ತ ಧಾರೆಯಾಗಿ ಬರುತ್ತಿರಲಿಲ್ಲ. ಸಣ್ಣಗೆ, ಬಿಡದೆ ಇಳಿಯುತ್ತಿತ್ತು. ಪಕ್ಕ ನಿಂತಿದ್ದ ಅವ್ವ ಮೊದಲು ಹೇಳಿದ್ದು: ‘ಬಾಯಾರ, ಇದು ನಿಂದ್ರವಲ್ದಲ್ರಿ, ಸ್ವಲ್ಪ ನೋಡ್ರಿ.’ 8.27ಕ್ಕೆ ಚೀಲ 300 ತೋರಿಸುತ್ತಿತ್ತು. ನಾಡಿ 102. ಬಿಪಿ 110/70, ಅಂದರೆ ನೋಡೋಕೆ ಚೆನ್ನಾಗಿಯೇ ಇತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎಳೇ ಬಾಣಂತಿಯ ದೇಹ ರಕ್ತ ಹೋದದ್ದನ್ನು ತುಂಬಾ ಹೊತ್ತು ಮುಚ್ಚಿಡುತ್ತದೆ. ಬಿಪಿ ಕೊನೆಗೆ ಇಳಿಯುತ್ತದೆ, ನಾಡಿ ಮೊದಲು ಏರುತ್ತದೆ. ಬಿಪಿ ಇಳಿಯಲಿ ಅಂತ ಕಾದವರು ತಡ ಮಾಡಿದಂತೆಯೇ. ನಮ್ಮ ಹಳೇ ಪಾಠ ಸಹಜ ಹೆರಿಗೆಯಲ್ಲಿ 500 ಮಿ.ಲೀ. ದಾಟಿದರೆ ಪಿಪಿಎಚ್ ಅನ್ನುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಪ್ರಸೂತಿ ತಜ್ಞರ ಜಾಗತಿಕ ಒಕ್ಕೂಟ ಫಿಗೊ ಮತ್ತು ಸೂಲಗಿತ್ತಿಯರ ಜಾಗತಿಕ ಒಕ್ಕೂಟ ಐಸಿಎಂ ಸೇರಿ ಹೊರತಂದ ಮಾರ್ಗಸೂಚಿ ಇನ್ನೂ ಮುಂಚೆ ಎಚ್ಚರಿಸುತ್ತದೆ. 300 ಮಿ.ಲೀ. ಆಗಿ, ಜೊತೆಗೆ ನಾಡಿ ಅಥವಾ ಬಿಪಿ ಹದ ತಪ್ಪಿದ್ದರೆ ಅಲ್ಲಿಂದಲೇ ಚಿಕಿತ್ಸೆ ಶುರು ಮಾಡಿ ಅನ್ನುತ್ತದೆ. ಆ ಅಳತೆಯ ಪ್ರಕಾರ 8.27 ಈ ಪ್ರಕರಣದ ನಿಜವಾದ ಆರಂಭ.

ವಿದ್ಯಾರ್ಥಿನಿ ಸ್ಟಾಫ್ ನರ್ಸನ್ನು ಕೂಗಿದಳು. ಅವರು ಬಂದು, ಪ್ಯಾಡ್ ನೋಡಿ, ‘ಇನ್ನೂರು ಇನ್ನೂರೈವತ್ತು ಇರಬಹುದು, ಜಾಸ್ತಿ ಇಲ್ಲ’ ಅಂದರು. ಆದರೂ ಕ್ವಾರ್ಟರ್ಸ್‌ನಲ್ಲಿದ್ದ ಡಾಕ್ಟರ್ ಮೇಡಂಗೆ ಫೋನ್ ಮಾಡಿದರು.

ಮೊದಲ ಕರೆ: ‘ಮೇಡಂ, ಡೆಲಿವರಿ ಆಯ್ತು, ಫೀಮೇಲ್ ಬೇಬಿ. ಸ್ವಲ್ಪ ಬ್ಲೀಡಿಂಗ್ ಜಾಸ್ತಿ ಅನಿಸ್ತಿದೆ.’

ಉತ್ತರ: ‘ಯುಟೆರಸ್ ಮಸಾಜ್ ಮಾಡಿ. ಅಬ್ಸರ್ವ್ ಮಾಡಿ, ಹೇಳಿ.’

ಈ ಉತ್ತರಕ್ಕೆ ಡಾಕ್ಟರ್ ಮೇಲೆ ಕೋಪ ಮಾಡಿಕೊಳ್ಳುವುದು ಸುಲಭ. ನಾನು ಮಾಡಿಕೊಳ್ಳುವುದಿಲ್ಲ. ‘ಸ್ವಲ್ಪ ಜಾಸ್ತಿ ಅನಿಸ್ತಿದೆ’ ಅನ್ನುವ ಮಾತು ಅವರಿಗೆ ದಿನಕ್ಕೆ ಹತ್ತು ಸಲ ಕೇಳುತ್ತದೆ. ಅದರಲ್ಲಿ ಎದ್ದು ಓಡಿ ಬರಬೇಕಾದದ್ದು ಯಾವುದು ಅಂತ ಆ ಮಾತಿನಿಂದ ಗೊತ್ತಾಗೋದಿಲ್ಲ, ಅಲ್ವಾ?

ಮುಂದಿನ ಒಂಬತ್ತು ನಿಮಿಷ ವಿದ್ಯಾರ್ಥಿನಿ ಸುಮ್ಮನೆ ಕೂರಲಿಲ್ಲ. ಹೊಟ್ಟೆ ಮೇಲಿಂದ ಗರ್ಭಕೋಶ ತಿಕ್ಕಿದಳು. ಕ್ಯಾಥೆಟರ್ ಹಾಕಿ ಮೂತ್ರ ತೆಗೆದಳು, 350 ಮಿ.ಲೀ. ಬಂತು. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಬಿಗಿಯಾಗಲು ಬಿಡುವುದಿಲ್ಲ, ಆದ್ದರಿಂದ ಮೊದಲು ಅದನ್ನು ಖಾಲಿ ಮಾಡಬೇಕು. ದಪ್ಪ ಸೂಜಿಯ ಐವಿ ಲೈನ್ ಹಾಕಿ, ಒಂದು ಲೀಟರ್ ರಿಂಗರ್ ಲ್ಯಾಕ್ಟೇಟ್‌ಗೆ 20 ಯೂನಿಟ್ ಆಕ್ಸಿಟೋಸಿನ್ ಸೇರಿಸಿ ಸ್ಟಾಫ್ ನರ್ಸ್ ಡ್ರಿಪ್ ಶುರು ಮಾಡಿದರು. ಗರ್ಭಕೋಶ ಕ್ರಿಕೆಟ್ ಚೆಂಡಿನಷ್ಟು ಗಟ್ಟಿಯಾಗಿತ್ತು. ರಕ್ತ ಮಾತ್ರ ಇಳಿಯುತ್ತಲೇ ಇತ್ತು, ಹೊಸದು, ಕಡುಗೆಂಪು.

8.36ಕ್ಕೆ ಚೀಲ 500ರ ಗೆರೆ ಮುಟ್ಟಿತು. ನಾಡಿ 114, ಬಿಪಿ 102/64. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿದರೆ ಬರುವುದನ್ನು ಶಾಕ್ ಇಂಡೆಕ್ಸ್ ಅನ್ನುತ್ತೇವೆ. ಇಲ್ಲಿ ಅದು 1 ದಾಟಿತ್ತು, ಅಂದರೆ ಅಪಾಯದ ಸೂಚನೆ. ಈ ಸಲ ಫೋನ್ ಹಿಡಿದದ್ದು ವಿದ್ಯಾರ್ಥಿನಿ. ಅವಳ ಮಾತನ್ನು ಸ್ಟಾಫ್ ನರ್ಸ್ ನನಗೆ ಹಾಗೇ ಹೇಳಿದರು: ‘ಮೇಡಂ, ಹೆರಿಗೆಯಾಗಿ 26 ನಿಮಿಷ. ಡ್ರೇಪ್‌ನಲ್ಲಿ 500 ಎಂಎಲ್, ನಿಂತಿಲ್ಲ. ಪಲ್ಸ್ 114, ಬಿಪಿ 102/64. ಪ್ಲಾಸೆಂಟಾ ಪೂರ್ತಿ ಬಂದಿದೆ, ಯುಟೆರಸ್ ಗಟ್ಟಿ ಇದೆ, ಬ್ಲಾಡರ್ ಖಾಲಿ. ಆಕ್ಸಿಟೋಸಿನ್ ಡ್ರಿಪ್ ಹೋಗ್ತಿದೆ. ಸರ್ವಿಕ್ಸ್ ಹರಿದಿರಬಹುದು ಅನಿಸುತ್ತೆ. ನೀವು ಈಗಲೇ ಬರಬೇಕು. ಟ್ರಾನೆಕ್ಸಾ ಒಂದು ಗ್ರಾಂ ಕೊಡಲಾ?’

‘ಕೊಡಿ. ಬರ್ತಾ ಇದೀನಿ. ಬ್ಲಡ್ ಗ್ರೂಪ್ ಕಳಿಸಿ.’

ಮೇಡಂ ಒಪ್ಪಿದ ಡೋಸನ್ನು ವಿದ್ಯಾರ್ಥಿನಿ ಫೋನಿನಲ್ಲೇ ತಿರುಗಿ ಹೇಳಿ ಖಚಿತ ಮಾಡಿಕೊಂಡಳು. 8.40ಕ್ಕೆ ಟ್ರಾನೆಕ್ಸಾ, ಅಂದರೆ ರಕ್ತ ಹೋಗುವುದನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್, ಶುರುವಾಯಿತು, ಹತ್ತು ನಿಮಿಷದಲ್ಲಿ ಹೋಗುವಂತೆ. 8.47ಕ್ಕೆ ಡಾಕ್ಟರ್ ಟೇಬಲ್ ಪಕ್ಕ ಇದ್ದರು. ಲೈಟ್ ಹಿಡಿದು, ಸ್ಪಂಜ್ ಹೋಲ್ಡರ್‌ಗಳಿಂದ ಗರ್ಭಕೋಶದ ಬಾಯಿಯ ಅಂಚು ಸುತ್ತಲೂ ಹಿಡಿದು ನೋಡಿದಾಗ ಎಡಗಡೆ ಸುಮಾರು 3 ಸೆಂ.ಮೀ. ಹರಿದಿತ್ತು. ಹೊಲಿಗೆ ಹಾಕಿ ಮುಗಿಸುವಾಗ 9.05. ಚೀಲದಲ್ಲಿ ಒಟ್ಟು 850 ಮಿ.ಲೀ.

ಮರುದಿನ ಹಿಮೋಗ್ಲೋಬಿನ್ 7.6. ತಲೆಸುತ್ತು ಇರಲಿಲ್ಲ, ನಾಡಿ ಇಳಿದಿತ್ತು. ರಕ್ತ ಕೊಡುವ ಬದಲು ಐವಿ ಮೂಲಕ ಕಬ್ಬಿಣಾಂಶ ಕೊಟ್ಟರು.

ಮಗುವಿನ ವಿಷಯವನ್ನು ಇಂಥ ವರದಿಗಳಲ್ಲಿ ಒಂದು ಸಾಲಿಗೆ ಮುಗಿಸಿಬಿಡುತ್ತಾರೆ. ನಮ್ಮ ಕೆಲಸ ತಾಯಿಯದಷ್ಟೇ ಅಲ್ಲ, ಮಗುವಿನದೂ. ಗಲಾಟೆ ಶುರುವಾದಾಗ ಮಗುವನ್ನು ಎತ್ತಿ ವಾರ್ಮರ್‌ಗೆ ಹಾಕಿದ್ದರು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಅನ್ನುವುದು ತಪ್ಪಿಹೋಯಿತು. ಹೊಲಿಗೆ ಮುಗಿದ ಮೇಲೆ ವಿದ್ಯಾರ್ಥಿನಿ ಅವ್ವನ ಸಹಾಯದಿಂದ, ತಾಯಿ ಮಲಗಿದಂತೆಯೇ ಪಕ್ಕಕ್ಕೆ ತಿರುಗಿಸಿ, 9.40ಕ್ಕೆ ಮಗುವನ್ನು ಎದೆಗೆ ಹಚ್ಚಿದಳು. ತುಂಬಾ ರಕ್ತ ಕಳೆದುಕೊಂಡ ತಾಯಿಗೆ ಹಾಲು ಬರುವುದು ತಡವಾಗಬಹುದು. ಆಗ ಮನೆಯವರು ಡಬ್ಬಿ ಹಾಲು ತರುತ್ತಾರೆ. ಹಾಗಾಗದಂತೆ ಮೂರು ದಿನ ಬೆನ್ನುಹತ್ತಿ ನೋಡಿಕೊಂಡದ್ದು ಅದೇ ಸ್ಟಾಫ್ ನರ್ಸ್. ಬಿಡುಗಡೆಯ ದಿನ ಮಗು ಎದೆಹಾಲನ್ನಷ್ಟೇ ಕುಡಿಯುತ್ತಿತ್ತು.

ಡ್ರೇಪ್ ಬಂದ ದಾರಿ

ತರಗತಿಯಲ್ಲಿ ಈ ಪ್ರಕರಣ ಚರ್ಚೆಗೆ ಬಂದಾಗ ಒಬ್ಬ ವಿದ್ಯಾರ್ಥಿ ಕೇಳಿದ: ‘ಮೇಡಂ, ಡ್ರೇಪ್ ಎಲ್ಲ ಫಾರಿನ್ ಆಸ್ಪತ್ರೆಗಳಿಗೆ ಸರಿ. ನಮ್ಮ ತಾಲ್ಲೂಕಿಗೆ ಆಗುತ್ತಾ?’ ಅವನಿಗೆ ನಾನು ಬೆಳಗಾವಿಯ ಕಥೆ ಹೇಳಿದೆ. ನರ್ಸಿಂಗ್ ಕಲಿಯುವ ಪ್ರತಿ ಕನ್ನಡಿಗರಿಗೂ ಅದು ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರುವ 1,620 ಹೆಣ್ಣುಮಕ್ಕಳು ಅದರಲ್ಲಿದ್ದರು. ಅರ್ಧದಷ್ಟು ಜನಕ್ಕೆ ಹೆರಿಗೆಯಾದ ಕೂಡಲೇ ಗರ್ಭಕೋಶ ಬಿಗಿಯಾಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ 600 ಮೈಕ್ರೋಗ್ರಾಂ, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ರಕ್ತ ಅಳೆದವರು ಎಲ್ಲ ನಮ್ಮ ಎಎನ್‌ಎಂಗಳು, ಅಂದರೆ ಹಳ್ಳಿಗಳಲ್ಲಿ ಕೆಲಸ ಮಾಡುವ ಸಹಾಯಕ ನರ್ಸ್‌ಗಳು. ಅಳೆದದ್ದು ಇದೇ ಡ್ರೇಪ್‌ನಿಂದ. ಮಾತ್ರೆ ತೆಗೆದುಕೊಂಡವರಲ್ಲಿ ಪಿಪಿಎಚ್ ಆದದ್ದು ಶೇ. 6.4, ತೆಗೆದುಕೊಳ್ಳದವರಲ್ಲಿ ಶೇ. 12. ಒಂದು ಲೀಟರ್ ಮುಟ್ಟಿದ ರಕ್ತಸ್ರಾವ ಶೇ. 1.2ರಿಂದ 0.2ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಿಪಿಎಚ್ ತಡೆಗೆ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಡ್ರೇಪ್ ಅಳತೆಗೂ ಕಣ್ಣಂದಾಜಿಗೂ ಎಷ್ಟು ವ್ಯತ್ಯಾಸ ಅಂತ ನೋಡಿದ ಅಧ್ಯಯನವೂ ಬೆಳಗಾವಿಯದೇ. ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗ ಕಡಿಮೆ ಬಂದಿತ್ತು. ನಮ್ಮ ಸ್ಟಾಫ್ ನರ್ಸ್ 300 ಇದ್ದದ್ದನ್ನು ಇನ್ನೂರು ಇನ್ನೂರೈವತ್ತು ಅಂದದ್ದು ಅವರ ಕಣ್ಣಿನ ದೋಷವಲ್ಲ. ಬಟ್ಟೆ ಹೀರಿದ ರಕ್ತ ಯಾರ ಕಣ್ಣಿಗೂ ಕಾಣುವುದಿಲ್ಲ.

2023ರಲ್ಲಿ ಬಂದ ಇ-ಮೋಟಿವ್ ಅಧ್ಯಯನ ಇದನ್ನು ದೊಡ್ಡದಾಗಿ ತೋರಿಸಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳು, ಎರಡು ಲಕ್ಷಕ್ಕೂ ಜಾಸ್ತಿ ತಾಯಂದಿರು. ಡ್ರೇಪ್‌ನಿಂದ ಅಳೆದು, ಪಿಪಿಎಚ್ ಅಂತ ಗೊತ್ತಾದ ಕೂಡಲೇ ಮಸಾಜ್, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಐವಿ ದ್ರವ, ಪರೀಕ್ಷೆ, ಮೇಲಿನವರಿಗೆ ಕರೆ, ಇವನ್ನೆಲ್ಲ ಒಟ್ಟಿಗೆ ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಆಪರೇಷನ್, ಅದರಿಂದಾದ ಸಾವು, ಇವು ಒಟ್ಟಾರೆ ಶೇ. 60ರಷ್ಟು ಕಡಿಮೆಯಾದವು. ಅಲ್ಲಿ ಬಳಸಿದ ಔಷಧಿಗಳಲ್ಲಿ ಒಂದೂ ಹೊಸದಲ್ಲ. ಎಲ್ಲ ನಮ್ಮ ಟ್ರೇಯಲ್ಲೂ ಇರುವಂಥವೇ. ಹಳೇ ಪದ್ಧತಿಯ ಆಸ್ಪತ್ರೆಗಳಲ್ಲಿ ಪಿಪಿಎಚ್ ಆದವರಲ್ಲಿ ಅರ್ಧದಷ್ಟು ಜನ ಮಾತ್ರ ಪತ್ತೆಯಾಗಿದ್ದರು. ಡ್ರೇಪ್ ಇದ್ದ ಕಡೆ ಶೇ. 93.

ಬೆಳಗಾವಿಯ ಹಳ್ಳಿಗಳಲ್ಲಿ ಇಪ್ಪತ್ತು ವರ್ಷದ ಹಿಂದೆ ಎಎನ್‌ಎಂಗಳು ಮಾಡಿ ತೋರಿಸಿದ ಅಳತೆ ಪಕ್ಕದ ತಾಲ್ಲೂಕು ಆಸ್ಪತ್ರೆಗಳ ಲೇಬರ್ ರೂಮಿನಲ್ಲಿ ಇನ್ನೂ ರೂಢಿಯಾಗಿಲ್ಲ. ಇದು ನನಗೆ ನಿಜಕ್ಕೂ ಸಂಕಟ ತರುವ ವಿಷಯ.

ಗಾಯ ಯಾಕಾಯಿತು?

ಪರೀಕ್ಷೆಗೆ ಬರೆಯುವಂತೆ ಬರೆದರೆ ಪ್ರಕರಣ ‘ಗರ್ಭಕೋಶದ ಬಾಯಿ ಹರಿದು ಪಿಪಿಎಚ್, ಹೊಲಿಗೆ, ಚೇತರಿಕೆ’ ಅಂತ ಮುಗಿಯುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿ ಅಲ್ಲಿಗೆ ನಿಲ್ಲಬಾರದು. ಹಿಂದಕ್ಕೆ ಹೋಗಿ ನೋಡಬೇಕು. 7.40ಕ್ಕೆ 8 ಸೆಂ.ಮೀ., ಹತ್ತೇ ನಿಮಿಷಕ್ಕೆ ಜೋರು ಹಾಕಿಸಿದ್ದಾರೆ. ಬಾಯಿ ಪೂರ್ತಿ, ಅಂದರೆ 10 ಸೆಂ.ಮೀ., ತೆರೆದಿತ್ತು ಅನ್ನುವುದಕ್ಕೆ ದಾಖಲೆ ಇಲ್ಲ. ಪೂರ್ತಿ ತೆರೆಯುವ ಮೊದಲೇ ಜೋರು ಹಾಕಿಸಿದರೆ ಅಂಚು ಹರಿಯಬಹುದು ಅಂತ ಎಲ್ಲರಿಗೂ ಗೊತ್ತು. ಹಾಗಾದರೆ ಅನುಭವಿ ನರ್ಸ್ ಯಾಕೆ ಅವಸರ ಮಾಡಿದರು? ಟೇಬಲ್ ಒಂದೇ ಇತ್ತು, ಹೊರಗೆ ಇನ್ನೊಬ್ಬಳು ಕಾಯುತ್ತಿದ್ದಳು, ಪಾಳಿಯಲ್ಲಿ ಅವರೊಬ್ಬರೇ ಇದ್ದರು. ಗಾಯದ ಬೇರು ಅಲ್ಲಿದೆ. ಇದನ್ನು ‘ನರ್ಸ್ ತಪ್ಪು’ ಅಂತ ಬರೆದರೆ ವರದಿ ಸುಲಭವಾಗುತ್ತದೆ, ಮುಂದಿನ ತಾಯಿಗೆ ಏನೂ ಬದಲಾಗುವುದಿಲ್ಲ.

2018ರ ಕೇಂದ್ರ ಸರ್ಕಾರದ ಸೂಲಗಿತ್ತಿ ಸೇವೆಗಳ ಮಾರ್ಗಸೂಚಿ ಹೇಳುವುದು ಇದನ್ನೇ. ಸಹಜ ಹೆರಿಗೆಗೆಂದೇ ತರಬೇತಾದ ನರ್ಸ್‌ಗಳು ಬೇಕು, ಅವರಿಗೆ ಪ್ರತ್ಯೇಕ ಘಟಕ ಬೇಕು, ತಾಯಿಗೆ ತನಗೆ ಹಿತವಾದ ಭಂಗಿಯಲ್ಲಿ ಹೆರುವ ಅವಕಾಶ ಬೇಕು. ಅದಕ್ಕಾಗಿ 18 ತಿಂಗಳ ‘ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ’ ಕೋರ್ಸ್ ಬಂದಿದೆ. ಎಂ.ಎಸ್ಸಿ. ಓದಿದವರು ಅಲ್ಲಿ ಬೋಧಕರಾಗಬೇಕಾದವರು. ಆದರೆ ಎಂ.ಎಸ್ಸಿ. ಮುಗಿಸಿದವರಲ್ಲಿ ಎಷ್ಟು ಜನ ಮತ್ತೆ ಲೇಬರ್ ರೂಮಿಗೆ ಕಾಲಿಡುತ್ತಾರೆ? ಹೆಚ್ಚಿನವರು ನೇರ ಕಾಲೇಜಿಗೆ, ಚಾಕ್‌ಪೀಸ್ ಹಿಡಿಯಲು. ಇದು ನಮ್ಮ ಶಿಕ್ಷಣದ ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ.

ಟ್ರಾನೆಕ್ಸಾ ಯಾರು ಕೊಡಬೇಕು?

ತರಗತಿಯಲ್ಲಿ ಬಿಸಿ ಏರಿದ್ದು ಇಲ್ಲಿ. ಎರಡನೇ ಕರೆಗೆ ಮೊದಲೇ ವಿದ್ಯಾರ್ಥಿನಿ ಟ್ರಾನೆಕ್ಸಾಮಿಕ್ ಆಸಿಡ್ ಹೆಸರು ತೆಗೆದಿದ್ದಳು. ಸ್ಟಾಫ್ ನರ್ಸ್, ‘ಆರ್ಡರ್ ಇಲ್ದೆ ಹೆಂಗ್ ಕೊಡ್ತೀರಿ ಸಿಸ್ಟರ್? ನಾಳೆ ಯಾರು ಉತ್ತರ ಹೇಳೋದು?’ ಅಂದರು. ಸರಿಯಾದ ಪ್ರಶ್ನೆ.

2017ರ ವುಮನ್ ಅಧ್ಯಯನದಲ್ಲಿ 20,060 ತಾಯಂದಿರಿದ್ದರು. ಈ ಔಷಧಿಯನ್ನು ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದಿಂದ ಸಾಯುವುದು ಕಡಿಮೆಯಾಗುತ್ತದೆ ಅಂತ ಅದು ತೋರಿಸಿತು. ಪ್ರತಿ ಹದಿನೈದು ನಿಮಿಷದ ತಡಕ್ಕೆ ಪ್ರಯೋಜನ ಸುಮಾರು ಶೇ. 10ರಷ್ಟು ಕುಸಿಯುತ್ತದೆ ಅಂತ ಮುಂದಿನ ವಿಶ್ಲೇಷಣೆ ಹೇಳಿತು. ಇಲ್ಲಿ 8.27ರಿಂದ 8.40ರವರೆಗೆ 13 ನಿಮಿಷ ಹೋಯಿತು. ಫೋನ್ ಹತ್ತದಿದ್ದರೆ?

ತುರ್ತಿನಲ್ಲಿ ಆಕ್ಸಿಟೋಸಿನ್, ಮಿಸೊಪ್ರೊಸ್ಟಾಲ್, ಬಿಪಿ ಏರಿ ಬರುವ ಫಿಟ್ಸ್‌ಗೆ ಮೊದಲ ಡೋಸ್ ಮೆಗ್ನೀಸಿಯಮ್ ಸಲ್ಫೇಟ್ ಕೊಡಲು ತರಬೇತಾದ ನರ್ಸ್ ಮತ್ತು ಎಎನ್‌ಎಂಗಳಿಗೆ ಕೇಂದ್ರದ 2010ರ ಮಾರ್ಗಸೂಚಿಯಲ್ಲೇ ಅವಕಾಶ ಇದೆ. ಟ್ರಾನೆಕ್ಸಾಗೂ ಅಂಥದ್ದೇ ಲಿಖಿತ ಸ್ಥಾಯಿ ಆದೇಶ ಪ್ರತಿ ಲೇಬರ್ ರೂಮಿನ ಗೋಡೆ ಮೇಲಿರಬೇಕು. ಯಾವ ಅಳತೆಗೆ, ಎಷ್ಟು ಡೋಸ್, ಯಾರಿಗೆ ಕೊಡಬಾರದು, ಯಾರಿಗೆ ತಿಳಿಸಬೇಕು, ಕೆಳಗೆ ಆಸ್ಪತ್ರೆ ಮುಖ್ಯಸ್ಥರ ಸಹಿ. ಅಷ್ಟಿದ್ದರೆ ಸ್ಟಾಫ್ ನರ್ಸ್ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಂತೆ. ವಿದ್ಯಾರ್ಥಿನಿ ಮತ್ತು ಆ ಸ್ಟಾಫ್ ನರ್ಸ್ ಸೇರಿ ಕರಡು ಬರೆದರು, ಡಾಕ್ಟರ್ ಮೇಡಂ ತಿದ್ದಿದರು. ಆಡಳಿತಾಧಿಕಾರಿಯ ಟೇಬಲ್ ಮೇಲೆ ಕಡತ ಇದೆ.

ಪ್ರಬಂಧದ ವಿಷಯ

ನಮ್ಮ ಎಂ.ಎಸ್ಸಿ. ಪ್ರಬಂಧಗಳ ಹೆಸರು ನೋಡಿದವರಿಗೆ ಗೊತ್ತು. ‘ಇಂಥ ವಿಷಯದ ಜ್ಞಾನದ ಮೇಲೆ ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮ.’ ಪ್ರಶ್ನಾವಳಿ ಕೊಡು, ಪಾಠ ಮಾಡು, ಏಳು ದಿನ ಬಿಟ್ಟು ಅದೇ ಪ್ರಶ್ನಾವಳಿ ಕೊಡು. ಅಂಕ ಏರಿರುತ್ತದೆ. ಏರದೆ ಇನ್ನೇನಾಗುತ್ತದೆ? ನನ್ನ ಈ ವಿದ್ಯಾರ್ಥಿನಿಯೂ ಪಿಪಿಎಚ್ ಬಗ್ಗೆ ಸ್ಟಾಫ್ ನರ್ಸ್‌ಗಳ ಜ್ಞಾನ ಅಳೆಯುವ ಅಂಥದೇ ವಿಷಯ ಆರಿಸಿಕೊಂಡಿದ್ದಳು. ಆದರೆ ಆ ರಾತ್ರಿ ಲೇಬರ್ ರೂಮಿನಲ್ಲಿ ಜ್ಞಾನಕ್ಕೆ ಕೊರತೆ ಇರಲಿಲ್ಲ. ಸ್ಟಾಫ್ ನರ್ಸ್‌ಗೆ ಎಲ್ಲ ಗೊತ್ತಿತ್ತು. ಇರದಿದ್ದದ್ದು ಅಳತೆ, ಆದೇಶ, ಇನ್ನೊಂದು ಜೊತೆ ಕೈ.

ಅವಳು ವಿಷಯ ಬದಲಿಸಲು ಕೇಳಿದಳು. ಈಗ ಅವಳ ಪ್ರಸ್ತಾವನೆ ನೈತಿಕ ಸಮಿತಿಯ ಮುಂದಿದೆ. ಸಹಜ ಹೆರಿಗೆಗಳಲ್ಲಿ ನರ್ಸ್‌ನ ಕಣ್ಣಂದಾಜು ಎಷ್ಟು, ಡ್ರೇಪ್ ಅಳತೆ ಎಷ್ಟು, 300 ಮುಟ್ಟಿದ ಮೇಲೆ ಮೊದಲ ಚಿಕಿತ್ಸೆಗೆ ಎಷ್ಟು ನಿಮಿಷ ಹಿಡಿಯಿತು ಅಂತ ದಾಖಲಿಸುತ್ತಾಳೆ. ಡ್ರೇಪ್ ಸಾಕಾಗದ ದಿನ ಒಣ ಪ್ಯಾಡ್ ಮೊದಲೇ ತೂಗಿಟ್ಟು, ಆಮೇಲೆ ಒದ್ದೆ ಪ್ಯಾಡ್ ತೂಗುತ್ತಾಳೆ. ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಮಿ.ಲೀ. ಕಣ್ಣಂದಾಜು ಹೇಳುವ ನರ್ಸ್‌ಗೆ ಚೀಲ ಕಾಣದಂತೆ ಹೇಗೆ ಮಾಡುವುದು ಅನ್ನುವುದಕ್ಕೆ ಸಮಿತಿಯವರು ಇನ್ನೂ ವಿವರ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ, ಯಾಕೆಂದರೆ ಅಳತೆ ಕಣ್ಣೆದುರಿಗಿದ್ದೂ ಅಧ್ಯಯನಕ್ಕೋಸ್ಕರ ತಾಯಿಯ ಚಿಕಿತ್ಸೆ ತಡವಾಗಬಾರದು. ಚೀಲ ಓದುವ ಎರಡನೇ ನರ್ಸ್ 300 ಮುಟ್ಟಿದ ಕೂಡಲೇ ನಾಡಿ, ಬಿಪಿ ನೋಡುವುದು, ಹದ ತಪ್ಪಿದ್ದರೆ ಅಧ್ಯಯನ ಅಲ್ಲಿಗೇ ನಿಲ್ಲಿಸಿ ಚಿಕಿತ್ಸೆಗೆ ಇಳಿಯುವುದು ಅಂತ ಅವಳು ಉತ್ತರ ಬರೆದಿದ್ದಾಳೆ.

ಲಾಗ್ ಪುಸ್ತಕದಲ್ಲೂ ಒಂದು ಬದಲಾವಣೆ ಮಾಡಿದ್ದೇವೆ. ಮೊದಲು ‘ನಡೆಸಿದ ಹೆರಿಗೆಗಳು’ ಅಂತ ಒಂದು ಕಾಲಂ, ಸಂಖ್ಯೆ, ಸಹಿ, ಅಷ್ಟೇ. ಈಗ ಪ್ರತಿ ಹೆರಿಗೆಯ ಮುಂದೆ ಅಳೆದ ರಕ್ತ, ಅಳೆದ ರೀತಿ, ಹದಿನೈದು ನಿಮಿಷಕ್ಕೊಮ್ಮೆ ನಾಡಿ, ಮಗುವನ್ನು ಎದೆಗೆ ಹಚ್ಚಿದ ಹೊತ್ತು ಬರೆಯಬೇಕು. ಡಾಕ್ಟರ್‌ಗೆ ಕರೆ ಮಾಡಿದ್ದರೆ ಹೇಳಿದ ಮಾತನ್ನು ಹಾಗೇ ಬರೆಯಬೇಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ನಾನು ಮೊದಲು ತೆರೆಯುವುದು ಈಗ ಆ ಪುಟಗಳನ್ನೇ.